ಐಬು ಹೇಳುವ ಚಹಾ

ಚಾಚಾ, ನಿಮ್ಮ ಸುನಂದಾಳ ಸಲಾಮು.

ನಿಮ್ಮ ನಂಬರನ್ನು ನಾನಿನ್ನೂ ಮೊಬೈಲಿನಿಂದ ತೆಗೆದಿಲ್ಲ. ಯಾವುದಾದರೂ ಸೌದಾ ರಿಜಿಸ್ಟ್ರೇಷನ್‌ನ ಹಿಂದಿನ ದಿನ ಕೈಕೊಡುವ ಹಂತಕ್ಕೆ ಬಂದರೆ ಬೆರಳು ತಾನಾಗಿಯೇ ಆ ಹೆಸರಿನ ಹತ್ತಿರ ಹೋಗಿ ನಿಲ್ಲುತ್ತದೆ. ಒತ್ತಿದರೆ ಯಾರೋ ಬೇರೆಯವರು ಎತ್ತಿ 'ಹಲೋ' ಅಂದುಬಿಟ್ಟಾರು ಎಂಬ ಭಯಕ್ಕೆ ಒತ್ತುವುದಿಲ್ಲ. ಖಬರಸ್ತಾನದ ಒಳಗಂತೂ ನಾನು ಬರುವಂತಿರಲಿಲ್ಲ. ಅಂದು ಗೇಟಿನ ಹೊರಗೆ, ಗಂಡಸರು ಬಿಟ್ಟುಹೋದ ಚಪ್ಪಲಿಗಳ ಪಕ್ಕ ನಿಂತು ವಾಪಸು ಬಂದವಳು ನಾನು. ಇನ್ನು ಹೇಳಬೇಕಾದ್ದನ್ನು ಎಲ್ಲಿ ಹೇಳಲಿ? ಅದಕ್ಕೇ ಈ ಕಾಗದ. ಸುದ್ದಿ ಇಷ್ಟು: ನಿಮ್ಮ ಮನೆ ಮಾರಿದೆವು. ಮಾರಿಸಿದ ಏಜೆಂಟು ನಾನೇ. ಸುಲಭಕ್ಕೆ ಆಗಲಿಲ್ಲ, ಕಡೆಯ ದಿನ ಸೌದಾ ಮುರಿದೇ ಬಿದ್ದಿತ್ತು. ಯಾಕೆ ಗೊತ್ತೇ? ನೀವು ಆ ಮನೆಯಲ್ಲಿ ಸತ್ತಿದ್ದಕ್ಕೆ.

ನಾನು ನಿಮ್ಮನ್ನು ಮೊದಲು ನೋಡಿದ್ದು ಆಂಟಾಪ್ ಹಿಲ್‌ನ ಅದೇ ಬಿಲ್ಡಿಂಗಿನ ಮೆಟ್ಟಿಲ ಮೇಲೆ. ನನ್ನ ಕೈಯಲ್ಲಿ ಜೋಳದ ರೊಟ್ಟಿಯ ಬುಟ್ಟಿ, ನಿಮ್ಮ ಕೈಯಲ್ಲಿ ಯಾರ್ಯಾರದೋ ಮನೆಗಳ ಬೀಗದ ಕೈ ಗೊಂಚಲು. 'ಎರಡನೇ ಮಾಳಿಗ್ಯಾಗ ರೊಟ್ಟಿ ಕೊಡಲಾರದ ಬಂದೆಲ್ಲಾ, ಯಾಕ?' ಅಂದಿರಿ. ಮುಂಬೈಯ ಆ ಕತ್ತಲ ಮೆಟ್ಟಿಲಲ್ಲಿ ನಮ್ಮ ಕಡೆಯ ಮಾತು ಕೇಳಿ ನನಗೆ ಒಂದು ಕ್ಷಣ ಬುಟ್ಟಿ ಹಗುರವಾಯಿತು. 'ಅವರು ಮನಿ ಬಿಡಾಕತ್ತಾರ್ರೀ. ರೊಟ್ಟಿ ಕಡಿಮಿ ಮಾಡಕೋತ ಬಂದ್ರು, ಈ ವಾರದಿಂದ ಬ್ಯಾಡ ಅಂದ್ರು' ಎಂದೆ. ನೀವು ನಿಂತುಬಿಟ್ಟಿರಿ. ಮನೆ ಖಾಲಿಯಾಗುವ ಸುದ್ದಿ ನಿಮಗಿಂತ ಮೊದಲು ರೊಟ್ಟಿಯವಳಿಗೆ ಗೊತ್ತಾಗಿತ್ತಲ್ಲ! 'ನೀ ರೊಟ್ಟಿ ಮಾರೂದು ಬಿಡವಾ, ಮನಿ ಮಾರು' ಎಂದು ನಕ್ಕಿರಿ. ನನ್ನ ಗಂಡ ಬಾದಾಮಿ ಕಡೆಯ ಗವಂಡಿ, ಗಾರೆ ಕೆಲಸದವನು; ನೀವು ತಾಳಿಕೋಟಿ ಕಡೆಯ ಗವಂಡಿಯಾಗಿದ್ದು ಆಮೇಲೆ ಏಜೆಂಟ್ ಆದವರು. ನೀವು ಅಂದಿದ್ದನ್ನು ಮನೆಯಲ್ಲಿ ಹೇಳಿದಾಗ ಅವನೂ ನಕ್ಕಿದ್ದ. ಆದರೆ ಮರುದಿನ ನಾನು ನಿಮ್ಮ ಬಾಗಿಲು ತಟ್ಟಿದ್ದೆ.

ಸಯನ್‌ನ ಆ ಮುದುಕರು ನೆನಪಿದ್ದಾರೆಯೇ, ಫ್ಯಾನಿನವರು? ಮನೆ ಖಾಲಿಯಾಗಿತ್ತು, ಟೆಂಪೋ ಕೆಳಗೆ ನಿಂತಿತ್ತು, ಮರುದಿನ ರಿಜಿಸ್ಟ್ರೇಷನ್. ಕೊಳ್ಳುವವನು ಬಂದು ತಲೆಯೆತ್ತಿದರೆ ಹಾಲ್‌ನ ಫ್ಯಾನೇ ಇಲ್ಲ. ಮುದುಕರು ಅದನ್ನು ಹಳೆಯ ಚಾದರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಫ್ಯಾನು ಮನೆಯ ಜೊತೆ ಎಂದು ಮಾತಾಗಿತ್ತು, ಕೊಡದಿದ್ದರೆ ಸಹಿ ಹಾಕುವುದಿಲ್ಲ ಎಂದು ಇವನು. ಕೊಡುವುದಿಲ್ಲ ಎಂದು ಅವರು. ನನಗೆ ರೋಸಿಹೋಯಿತು. 'ಒಂದ್ ಫ್ಯಾನ್ ಸಲುವಾಗಿ ಸೌದಾ ಮುರೀತಾರೇನ್ರೀ? ತಲಿ ನೆಟ್ಟಗ ಐತೇನ್ ಇವರದು?' ಅಂದೆ. ನೀವು ನನ್ನನ್ನು ಗ್ಯಾಲರಿಗೆ ಕರೆದು ಮೆಲ್ಲಗೆ, 'ಫ್ಯಾನ್ ಸಲುವಾಗಿ ಯಾರೂ ಜಗಳಾಡೂದಿಲ್ಲವಾ. ಕಡೀ ದಿನ ಎದ್ದ ಜಗಳ ಬ್ಯಾರೇ ಯಾವುದೋ ಇರತೈತಿ. ಅದನ್ನ ಹುಡುಕೂದ ನಮ್ಮ ಕೆಲಸ' ಎಂದಿರಿ. ಒಳಗೆ ಹೋಗಿ ಮುದುಕರ ಪಕ್ಕ ನೆಲದ ಮೇಲೆ ಕೂತು, ಇದನ್ನು ಯಾವಾಗ ಹಾಕಿಸಿದಿರಿ ಎಂದು ಕೇಳಿದಿರಿ. ಅಷ್ಟೇ. ಹೆಂಡತಿಯ ಮೊದಲ ಬಾಣಂತನಕ್ಕೆ ಹಾಕಿಸಿದ್ದಂತೆ. ಮಗು ಉಳಿಯಲಿಲ್ಲವಂತೆ. ಕೊಳ್ಳುವವನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಆಮೇಲೆ ತಾನೇ ಆ ಫ್ಯಾನನ್ನು ಹೊತ್ತುಕೊಂಡು ಹೋಗಿ ಟೆಂಪೋದಲ್ಲಿಟ್ಟು ಬಂದ.

ಇನ್ನು ಐಬಿನ ಚಹಾ. ಅದು ನಿಮ್ಮದೇ ಕಾನೂನು, ಈ ಊರಿನ ಬೇರೆ ಯಾವ ಏಜೆಂಟೂ ಹಾಗೆ ಮಾಡಿದ್ದನ್ನು ನಾನು ಕಂಡಿಲ್ಲ. ರಿಜಿಸ್ಟ್ರೇಷನ್‌ನ ಹಿಂದಿನ ದಿನ ಕೊಳ್ಳುವವರನ್ನು ಆ ಮನೆಗೇ ಕರೆಸುವುದು, ಮಾರುವವರ ಕೈಯಲ್ಲಿ ಚಹಾ ಮಾಡಿಸುವುದು, ಅವರ ಬಾಯಿಂದಲೇ ಮನೆಯ ಐಬುಗಳನ್ನು, ಕುಂದುಕೊರತೆಗಳನ್ನೆಲ್ಲ ಹೇಳಿಸುವುದು. 'ಛಲೋದೆಲ್ಲಾ ನಾವು ಏಜೆಂಟ್ರು ಹೇಳೇವಿ. ಇನ್ನ ಐಬು ನೀವು ಹೇಳ್ರಿ' ಎಂದು ನೀವು ಕಾಲು ಮಡಚಿ ಕೂತುಬಿಡುತ್ತಿದ್ದಿರಿ. ಒಮ್ಮೆ ಒಬ್ಬ ಹೆಂಗಸು ಸೋರುವ ನಲ್ಲಿಯಿಂದ ಶುರುಮಾಡಿ ಗಂಡನ ಐಬಿಗೆ ಬಂದಾಗ, 'ಅದು ಮನಿ ಜೋಡಿ ಬರೂದಿಲ್ಲವಾ, ಅದನ್ನ ನೀನೇ ಕರಕೊಂಡು ಹೋಗಬೇಕು' ಎಂದು ಎಲ್ಲರನ್ನೂ ನಗಿಸಿದ್ದಿರಿ. ಐಬು ಕೇಳಿ ಸೌದಾ ಮುರಿದರೆ ಏನು ಗತಿ ಎಂದು ನಾನು ಕೇಳಿದ್ದಕ್ಕೆ, 'ಮುರಿಯೂದಿದ್ರ ಇವತ್ತ ಮುರೀಲಿ. ಒಳಗ ಬಂದ ಮ್ಯಾಲ ಅತ್ತರ ಯಾರು ಕೇಳ್ತಾರ?' ಅಂದಿರಿ. ನಿಮ್ಮ ಮನೆಗೇ ಒಂದು ದಿನ ಆ ಚಹಾ ಕುದಿಯುತ್ತದೆ ಎಂದು ನಿಮಗೆ ಹೊಳೆದಿತ್ತೇ? ನನಗಂತೂ ಹೊಳೆದಿರಲಿಲ್ಲ.

ನೀವು ಹೋದ ಮೇಲೆ ಒಂದು ಮುಂಜಾನೆ ಚಾಚಿ ಮೆಟ್ಟಿಲ ನಡುವೆ ಕೂತುಬಿಟ್ಟಿದ್ದರು, ತರಕಾರಿ ಚೀಲ ಪಕ್ಕಕ್ಕಿಟ್ಟುಕೊಂಡು. ಮೇಲೆ ಹತ್ತಲಾಗದು, ಕೆಳಗೆ ಇಳಿಯಲಾಗದು. ಅವರ ಮೊಣಕಾಲಿನ ಕಥೆ ನಿಮಗೆ ಗೊತ್ತಿದ್ದದ್ದೇ. ಈ ವರ್ಷ ಪೂರಾ ಕೈಕೊಟ್ಟಿತು. ಲಿಫ್ಟ್ ಇಲ್ಲದ ಬಿಲ್ಡಿಂಗು, ಮೂರನೇ ಮಹಡಿ. ಆಮೇಲಾಮೇಲೆ ಕೆಳಗಿಳಿಯುವುದನ್ನೇ ಬಿಟ್ಟರು. ನಿಮ್ಮ ಮಗಳು ಶಬಾನಾ ಜೋಗೇಶ್ವರಿಯಿಂದ ದಿನಾ ಲೋಕಲ್ ಹತ್ತಿ ಬಂದು ಹೋಗಿ ಸೋತಳು. ಅವಳ ಓಣಿಯಲ್ಲೇ ನೆಲಮಹಡಿಯ ಒಂದು ಪುಟ್ಟ ಮನೆ ಸಿಕ್ಕಿತು. ಅದನ್ನು ಮಾರುವವನು ಕಾಯಲು ತಯಾರಿರಲಿಲ್ಲ. ನಿಮ್ಮ ಮನೆ ಇಲ್ಲಿ ರಿಜಿಸ್ಟರ್ ಆದರೆ ಮಾತ್ರ ಅದು ಚಾಚಿಗೆ, ಇಲ್ಲದಿದ್ದರೆ ಮಾರನೇ ದಿನವೇ ಬೇರೆಯವರಿಗೆ. ಇಲ್ಲಿ ಮುರಿದರೆ ಅಲ್ಲಿಯೂ ಮುರಿಯಿತು, ಚಾಚಿ ಮೂರನೇ ಮಹಡಿಯಲ್ಲೇ ಉಳಿದರು. ಇಷ್ಟು ನಿಮಗೆ ಗೊತ್ತಿರಲಿ.

ಪ್ರಶಾಂತ ಮನೆ ನೋಡಲು ಬಂದ ದಿನ ಬಾಗಿಲು ತೆರೆದವಳೂ ನಾನೇ. ಬ್ಯಾಂಕಿನಲ್ಲಿ ಕೆಲಸ, ಕರಾವಳಿ ಕಡೆಯವರು, ತಂದೆ ಇಲ್ಲ. ವಡಾಲಾದ ಚಾಳಿನಲ್ಲಿ ತಾಯಿಯ ಜೊತೆ ಇರುವ ಹುಡುಗ. ಕನ್ನಡ ಅರ್ಧ ಬರುತ್ತದೆ, ಉಳಿದರ್ಧ ಹಿಂದಿಯಲ್ಲಿ ತುಂಬಿಸುತ್ತಾನೆ. ಗಾರೆ, ಗೋಡೆ ನೋಡಿ ಮುಗಿದ ಮೇಲೆ ಕಿಟಕಿಯ ಹತ್ತಿರ ನಿಲ್ಲಿಸಿ, 'ಈ ಮನೆಯ ಯಜಮಾನರು, ನನ್ನ ಗುರುಗಳು, ಇದೇ ಕಟ್ಟೆಯ ಮೇಲೆ ತೀರಿಕೊಂಡರು' ಎಂದು ಹೇಳಿದೆ. ಅವನಿಗೆ ಬೇಸರವಾದಂತೆ ಕಾಣಲಿಲ್ಲ. 'ಇಟ್ಸ್ ಓಕೆ ಆಂಟಿ, ಎಲ್ಲರ ಮನೆಯಲ್ಲಿ ಆಗ್ತದೆ. ಅಮ್ಮನಿಗೆ ಮೈ ಹೀ ಬೋಲೂಂಗಾ, ನೀವು ಹೇಳ್ಬೇಡಿ' ಅಂದ. ಮಗ ತಾಯಿಗೆ ಹೇಳುತ್ತೇನೆ ಎನ್ನುವಾಗ ನಡುವೆ ನಾನ್ಯಾರು ಎಂದು ಸುಮ್ಮನಾದೆ. ಆ ಹುಡುಗ ಕಡೆಯವರೆಗೂ ಹೇಳಲೇ ಇಲ್ಲ.

ರಿಜಿಸ್ಟ್ರೇಷನ್‌ನ ಹಿಂದಿನ ದಿನ ಬೆಳಿಗ್ಗೆ ಅವನ ತಾಯಿ ಜಲಜಕ್ಕ ಬಡಗಿಯನ್ನು ಕರೆದುಕೊಂಡು ದೇವರ ಗೂಡಿಗೆ ಅಳತೆ ತೆಗೆಸಲು ಬಂದಿದ್ದರು. ಮೆಟ್ಟಿಲಲ್ಲಿ ಎದುರಾದ ನೆರೆಯ ಹೆಂಗಸು ಒಳ್ಳೆಯ ಮನಸ್ಸಿನಿಂದಲೇ, 'ಪುಣ್ಯವಂತರ ಮನೆ ತಗೊಳ್ತಾ ಇದ್ದೀರಿ. ದಸ್ತಗೀರ್ ಭಾಯಿ ಕೂತಲ್ಲೇ ಹೋದರು, ಆ ಕಿಟಕಿ ಹತ್ತಿರ' ಅಂದುಬಿಟ್ಟರಂತೆ. ಜಲಜಕ್ಕ ಮೇಲೆ ಹತ್ತಲೇ ಇಲ್ಲ. ಬಡಗಿಯನ್ನು ಅಲ್ಲೇ ಬಿಟ್ಟು ಟ್ಯಾಕ್ಸಿ ಹಿಡಿದು ಮನೆಗೆ ಹೋದರು. ಅರ್ಧ ಗಂಟೆಯೊಳಗೆ ಪ್ರಶಾಂತನ ಫೋನು: 'ಆಂಟಿ, ಅಮ್ಮ ಬಿಲ್ಕುಲ್ ನಾ ಬೋಲ್ ರಹೀ ಹೈ.' ಮನೆ ಬೇಡವೇ ಬೇಡ ಅಂತೆ. ಅಳುತ್ತಿದ್ದನೋ ಏನೋ, ಸ್ವರ ಹಾಗಿತ್ತು.

ಅವರ ಏಜೆಂಟ್ ಸಾವಂತ್ ಕೂಡಲೇ ಫೋನು ಮಾಡಿದ. ಅವನು ಕೆಟ್ಟವನಲ್ಲ, ಅವಸರದವನು. 'ಮೇಡಮ್, ಸೀಧಾ ಬೋಲ್ ದೋ, ಹಾಸ್ಪಿಟಲ್ ಮೇ ಗಯೇ. ಪಡೋಸನ್ ಕೋ ಕ್ಯಾ ಮಾಲೂಮ್? ಬಾತ್ ಖತಮ್.' ಆಸ್ಪತ್ರೆಯಲ್ಲಿ ಹೋದರು, ನೆರೆಯವಳಿಗೇನು ಗೊತ್ತು ಎಂದುಬಿಡುವುದು ಎಷ್ಟು ಸುಲಭ, ಅಲ್ಲವೇ? ಶಬಾನಾ ಕೂಡ ಅದನ್ನೇ ಅಂದಳು. 'ಆಂಟಿ, ನೀವು ಹಂಗೇ ಹೇಳಿಬಿಡಿ ನಾ. ಅಮ್ಮೀ ಕೆ ಲಿಯೇ. ಅಬ್ಬಾ ಮಾಫ್ ಕರ್ ದೇಂಗೆ.' ನೀವು ಮಾಫ್ ಮಾಡುತ್ತಿದ್ದಿರಿ ಎಂದು ನನಗೂ ಗೊತ್ತು. ನಿಮ್ಮ ಚಾಚಿಗಾಗಿ ನೀವು ಏನನ್ನು ಮಾಫ್ ಮಾಡುತ್ತಿರಲಿಲ್ಲ? ಆದರೆ ಕೂತು ಎಷ್ಟೋ ಮನೆಗಳ ಐಬು ಹೇಳಿಸಿದ ಬಾಯಿ ನಿಮ್ಮದು. ಆ ಬಾಯಿ ಹೋದ ಮೇಲೆ ಅದರ ಹೆಸರಿನಲ್ಲೇ ಸುಳ್ಳು ಹೇಳುವುದು ನನ್ನಿಂದ... ಸಾವಂತ್‌ಗೆ ಸಂಜೆವರೆಗೂ ಸುಮ್ಮನಿರು ಎಂದು ಹೇಳಿ ನಾನು ವಡಾಲಾಕ್ಕೆ ಹೊರಟೆ.

ಚಾಳಿನ ಆ ಕೋಣೆಯ ಬಾಗಿಲಲ್ಲಿ ಜಲಜಕ್ಕ ಕಾಲು ಚಾಚಿ ಕೂತಿದ್ದರು. ನನ್ನನ್ನು ಕಂಡು ಮುಖ ತಿರುಗಿಸಲಿಲ್ಲ, ನೀರು ಕೊಟ್ಟರು. ನಿಜ ಹೇಳುತ್ತೇನೆ ಚಾಚಾ, ನಾನು ಜಗಳಕ್ಕೆ ಸಿದ್ಧಳಾಗಿ ಹೋಗಿದ್ದೆ. ನಿಮ್ಮ ಹೆಸರು ಶಂಕರಪ್ಪನೋ ಬಸಪ್ಪನೋ ಆಗಿದ್ದರೆ ಇವರು ಹೀಗೆ ಮಾಡುತ್ತಿದ್ದರೇ ಎಂದು ದಾರಿಯುದ್ದಕ್ಕೂ ಕುದಿಯುತ್ತಿದ್ದೆ. ಕೇಳಿಯೂ ಬಿಟ್ಟೆ. ಅವರು ಸಿಟ್ಟಾಗಲಿಲ್ಲ. 'ಜಾತಿ ಎಂತ ಮಾಡ್ಲಿಕ್ಕೆ ಉಂಟು ಮಾರಾಯ್ತಿ? ಈ ಕೋಣೆ ನೋಡಿ. ಇಲ್ಲಿಯೇ ಇವನ ಅಪ್ಪ ಹೋದದ್ದು. ಹೊಟ್ಟೆಯ ಕಾಯಿಲೆ. ಹೋಗುವವರೆಗೆ ಬೊಬ್ಬೆ ಹಾಕ್ತಿದ್ರು, ಅಕ್ಕಪಕ್ಕದವರು ಕಿವಿ ಮುಚ್ಚಿಕೊಳ್ತಿದ್ರು. ಆ ಸ್ವರ ನನಗೆ ಈಗಲೂ ಕೇಳ್ತದೆ. ಇದನ್ನು ಬಿಟ್ಟು ಹೋಗುವ ಅಂತ ಅಲ್ಲವಾ ಆ ಹುಡುಗ ಸಾಲ ಮಾಡಿದ್ದು? ಒಂದು ಸಾವಿನ ಮನೆ ಬಿಟ್ಟು ಇನ್ನೊಂದು ಸಾವಿನ ಮನೆಗಾ? ನನಗೆ ಆಗುದಿಲ್ಲ' ಎಂದರು. ನಾನು ತಂದಿದ್ದ ಜಗಳವೆಲ್ಲ ಅಲ್ಲೇ ಉಳಿಯಿತು. ಕಡೆಯ ದಿನದ ಜಗಳ ಬೇರೆ ಯಾವುದೋ ಇರುತ್ತದೆ ಎಂದಿದ್ದಿರಲ್ಲ?

'ಬ್ಯಾಡ ಅನ್ನೂದಿದ್ರ ಅನ್ರಿ ಜಲಜಕ್ಕ. ಆದ್ರ ಆ ಮನ್ಯಾಗ ಬಂದು, ಆ ಮನಿ ಹೆಂಗಸಿನ ಮಾರಿ ನೋಡಿ ಬ್ಯಾಡ ಅನ್ರಿ' ಎಂದೆ. ಅದೂ ನಿಮ್ಮದೇ ಮಾತು. ಬೇಡ ಎನ್ನುವವರನ್ನು ಫೋನಿನಲ್ಲಿ ಬೇಡ ಎನ್ನಲು ಬಿಡಬೇಡ, ಅವರು ಬಾಗಿಲಿಗೆ ಬಂದು ಹೇಳಲಿ ಎನ್ನುತ್ತಿದ್ದಿರಿ. ಅವರು ಒಳಗೆ ನಿಂತಿದ್ದ ಮಗನ ಮುಖ ನೋಡಿದರು. ಕಡೆಗೆ ಸೆರಗು ಸರಿಮಾಡಿಕೊಂಡು ಎದ್ದರು.

ಅವರಿಗಿಂತ ಮೊದಲೇ ನಾನು ನಿಮ್ಮ ಮನೆ ಸೇರಿದೆ. ಅಲ್ಲಿ ಚಾಚಿ ಆಗಲೇ ಹತ್ತಿ ಉರಿಯುತ್ತಿದ್ದರು. ನೆರೆಯವಳು ಬಂದು ಅತ್ತು ಎಲ್ಲ ಹೇಳಿಹೋಗಿದ್ದಳು. ನಾನು ಐಬಿನ ಚಹಾದ ಮಾತು ತೆಗೆದೆ, ಎಲ್ಲವನ್ನೂ ಚಾಚಿಯೇ ಬಾಯಿಬಿಟ್ಟು ಹೇಳಲಿ ಎಂದೆ. ಚಾಚಿ ನನ್ನನ್ನು ನೋಡಿದ ನೋಟವನ್ನು ನಾನು ಮರೆಯುವುದಿಲ್ಲ. 'ನಲ್ಲಿ ಸೋರೂದು ಐಬು. ಗ್ವಾಡಿ ಬೆವರೂದು ಐಬು. ನನ್ನ ಗಂಡ ಸತ್ತದ್ದು ಈ ಮನೀ ಐಬೇನು, ಸುನಂದಾ? ಅದನ್ನ ನಲ್ಲಿ ಜೋಡಿ ಕುಂದರಿಸಿ ಹೇಳಂತೀಯೇನು?' ನಾನು ಏಜೆಂಟು, ಮನೆಗೆ ಇರುವುದೆಲ್ಲ ನನ್ನ ಕಣ್ಣಿಗೆ ಒಂದೋ ಗುಣ, ಒಂದೋ ಐಬು. ಈ ಕಸುಬು ಕಲಿಸಿದಿರಲ್ಲ, ಸಾವನ್ನು ಯಾವ ಕಡೆ ಹಾಕಬೇಕೆಂದು ಯಾಕೆ ಕಲಿಸಲಿಲ್ಲ? ಕಡೆಗೆ, 'ಅದನ್ನ ಹೇಳಬ್ಯಾಡ್ರಿ ಚಾಚಿ. ಬಂದವ್ರಿಗೆ ಚಹಾ ಅಷ್ಟ ಕೊಡ್ರಿ' ಎಂದೆ. ಬಂದವರಿಗೆ ಚಹಾ ಇಲ್ಲ ಎನ್ನುವುದು ಅವರ ಜಾಯಮಾನದಲ್ಲಿ ಇಲ್ಲ. ಒಲೆ ಹಚ್ಚಿದರು.

ಜಲಜಕ್ಕ ಆ ಮೂರು ಮಹಡಿ ಹತ್ತಿ ಬಂದು ಹೊಸ್ತಿಲಲ್ಲಿ ನಿಂತರು. ಚಾಚಿ ಗೋಡೆ ಹಿಡಿದುಕೊಂಡು ಎದ್ದು, 'ಬರ್ರಿ, ಒಳಗ ಬರ್ರಿ' ಎಂದರು. ಸ್ವರದಲ್ಲಿ ಸಿಟ್ಟು ಇದ್ದೇ ಇತ್ತು. ಪ್ರಶಾಂತ ಮೂಲೆಯಲ್ಲಿ ತಪ್ಪು ಮಾಡಿದ ಶಾಲೆ ಹುಡುಗನಂತೆ ನಿಂತ. ಸಾವಂತ್ ಹೊರಗೆ ಫೋನು ಹಿಡಿದು ಅಡ್ಡಾಡುತ್ತಿದ್ದ. ಎಲ್ಲರೂ ಚಾಪೆಯ ಮೇಲೆ ಕೂತರು, ನಿಮ್ಮ ಕಟ್ಟೆಯ ಮೇಲೆ ಯಾರೂ ಕೂರಲಿಲ್ಲ. ಕಿಟಕಿಯ ಕೆಳಗೆ ನೀವೇ ಶಹಾಬಾದ್ ಕಲ್ಲು ಹಾಸಿ ಕಟ್ಟಿಕೊಂಡ ಕಟ್ಟೆ. ಚಾಚಿ ದಿನಾ ಒರೆಸುತ್ತಾರೆ, ತಾವು ಮಾತ್ರ ಕೂರುವುದಿಲ್ಲ. ಅದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು, ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು.

ಚಹಾ ಬಂತು. ನೀವಿದ್ದಿದ್ದರೆ ಈ ಹೊತ್ತಿಗೆ ಕಾಲು ಮಡಚಿಕೊಂಡು ಒಂದು ತಮಾಷೆ... ನನಗೆ ಬರಲಿಲ್ಲ. ಆಗ ಚಾಚಿಯೇ ಶುರು ಮಾಡಿದರು, ಹಟಕ್ಕೆ ಬಿದ್ದವರ ಹಾಗೆ. 'ಅಡಿಗಿಮನಿ ಬಾಗಿಲ ಮಳಿಗಾಲದಾಗ ಉಬ್ಬತೈತಿ. ಎತ್ತಿ ದೂಕಬೇಕು. ಒಳಗಿನ ಕೋಲಿ ಮೂಲ್ಯಾಗ ಕಪಾಟ ಇಡಬ್ಯಾಡ್ರಿ, ಗ್ವಾಡಿ ಬೆವರತೈತಿ. ಮುಂಜಾನೆ ಕೆಳಗಿನವ್ರು ಮೋಟಾರ್ ಹಚ್ಚಿದ್ರ ನಮಗ ನೀರಿಲ್ಲ, ಅದಕ್ಕೂ ಮೊದಲ ತುಂಬಕೋರಿ.' ಜಲಜಕ್ಕ ಬೇಡವೆಂದರೂ ಕೇಳುತ್ತಿದ್ದರು. 'ಇನ್ನ ಬಾತ್‌ರೂಮು. ನೀರು ಮೋರಿ ಜಾಳಗಿ ಕಡೆ ಹೋಗೂದಿಲ್ಲ, ಬಾಗಿಲ ಕಡೆ ಬರತೈತಿ. ನಮ್ಮವ್ರ ಹಾಕಿದ ಫರಸಿ ನೆಲ ಅದು. ಊರ ಮಂದಿ ಮನೀಗೆಲ್ಲಾ ನೆಟ್ಟಗ ನೀರಿಳಿಯೂ ಢಾಳ ತಗದವ್ರು, ತಮ್ಮ ಮನ್ಯಾಗ ಉಲ್ಟಾ ತಗದ್ರು. ಕೇಳಿದ್ರ, ನೆಲಾನ ಸೊಟ್ಟ ಐತಿ ಅಂತಿದ್ರು.' ಜಲಜಕ್ಕನ ಬಾಯಿಯ ಅಂಚಿನಲ್ಲಿ ಒಂದು ನಗೆ ಬಂದು ಹೋಯಿತು. ನನಗೆ ಅಳು ಬಂತು. ನಿಮ್ಮ ಗವಂಡಿತನದ ಮಾನ ಹೀಗೆ ಹೋಗಬಾರದಿತ್ತು, ಚಾಚಾ.

ಅಲ್ಲಿಗೆ ಚಾಚಿ ನಿಂತರು. 'ಐಬು ಮುಗದುವು' ಅಂದರು. ಕಪ್ಪುಗಳನ್ನು ಒಟ್ಟು ಮಾಡತೊಡಗಿದರು. ಜಲಜಕ್ಕ ಕಿಟಕಿಯ ಕಡೆ ಮೊದಲ ಸಲ ನೆಟ್ಟಗೆ ನೋಡಿ, 'ಅವರು ಅಲ್ಲಿಯೇ ಅಲ್ಲವಾ ಹೋದದ್ದು?' ಎಂದು ಮೆಲ್ಲಗೆ ಕೇಳಿದರು. ಪ್ರಶಾಂತ ತಲೆ ತಗ್ಗಿಸಿದ. ಪಕ್ಕದಲ್ಲಿ ಕೂತಿದ್ದ ಶಬಾನಾ ನನ್ನ ತೋಳು ಬಿಗಿಯಾಗಿ ಹಿಡಿದಳು, ಇನ್ನೂ ಹೊತ್ತು ಮೀರಿಲ್ಲ, ಆಸ್ಪತ್ರೆ ಎಂದುಬಿಡಿ ಎನ್ನುವ ಹಾಗೆ. ಚಾಚಿ ಕಪ್ಪುಗಳನ್ನು ಕೆಳಗಿಟ್ಟರು. 'ಅದು ಐಬಲ್ಲ. ಅದಕ್ಕ ಹೇಳಲಿಲ್ಲ. ಕೇಳೀರಿ, ಹೇಳ್ತೀನಿ' ಎಂದರು.

ಆ ಮುಂಜಾನೆಯ ಸುದ್ದಿಯನ್ನು ಚಾಚಿ ಅಷ್ಟು ಪೂರ್ತಿಯಾಗಿ ನನಗೂ ಹೇಳಿರಲಿಲ್ಲ. 'ಫಜರ್ ನಮಾಜ್ ಮುಗಿಸಿ ಬಂದು, ಚಹಾ ಕಪ್ಪು ಹಿಡಕೊಂಡು ಅಲ್ಲಿ ಕುಂತ್ರು. ಕೆಳಗ ಗೇಟ್ ಕಡೆ ನೋಡ್ತಿದ್ರು. ಸುನಂದಾ ಬರೂ ಹೊತ್ತಾತು, ಆಕೀಗೂ ಚಹಾ ಇಡು ಅಂದ್ರು. ನಾ ಒಳಗ ಹೋದೆ. ಬಂದು ನೋಡ್ತೀನಿ, ಕಪ್ಪು ತಾವ ಕೆಳಗಿಟ್ಟಿದ್ರು. ಒಂದು ಹನಿ ಚೆಲ್ಲಿರಲಿಲ್ಲ. ತಲಿ ಗ್ವಾಡಿಗೆ ಆನಸಿದ್ರು, ನಿದ್ದಿ ಬಂದವ್ರಗತೆ. ನಾ ತಲಿ ತೊಡಿ ಮ್ಯಾಲ ತಗೊಂಡೆ. ಬಿಸಿ ಇತ್ತು.' ಜಲಜಕ್ಕ ಮುಂದೆ ಬಾಗಿ, 'ನರಳಲಿಲ್ಲವಾ?' ಎಂದರು. 'ಇಲ್ಲ.' 'ಕರೆಯಲಿಲ್ಲವಾ?' 'ಕರದಿದ್ರ ನನಗ ಕೇಳತಿತ್ತು. ಈ ಮನ್ಯಾಗ ಏನ್ ಅಂದ್ರೂ ಕೇಳತೈತಿ.' ಜಲಜಕ್ಕ ಹಿಂದಕ್ಕೆ ಕೂತರು. ತಮಗೇ ಹೇಳಿಕೊಂಡ ಹಾಗೆ, 'ಹಾಗಾದ್ರೆ ಇಲ್ಲಿ ಆ ಸ್ವರ ಇಲ್ಲ' ಎಂದರು.

ನಿಮಗೂ ಇದು ಗೊತ್ತಿರಲಿ. ನಾನು ಅಂದು ಬಸ್ಸು ತಪ್ಪಿ ಹತ್ತು ನಿಮಿಷ ತಡವಾಗಿ ಬಂದಿದ್ದೆ. ಗೇಟಿನಲ್ಲಿ ತಲೆಯೆತ್ತಿ ನೋಡಿದಾಗ ನೀವು ಕಿಟಕಿಯಲ್ಲಿ ಕಂಡಿರಿ. ಯಾವಾಗಲೂ ಕೈಯೆತ್ತಿ 'ಬಾ, ಚಹಾ ಐತಿ' ಎನ್ನುವವರು ಅಂದು ಕೈ ಎತ್ತಲಿಲ್ಲ. ನಿದ್ದೆ ಹತ್ತಿದೆ ಎಂದುಕೊಂಡು ನಾನು ನಗುತ್ತ ಮೆಟ್ಟಿಲು ಹತ್ತಿದ್ದೆ.

ಜಲಜಕ್ಕ ಒಪ್ಪಿದರು. ಆದರೆ ಒಂದು ಶರತ್ತು ಹಾಕಿದರು. ಅವರ ಕಣ್ಣು ತುಂಬಿತ್ತು, ಆದರೂ ಹಾಕಿದರು. 'ಬೇಜಾರು ಮಾಡ್ಬೇಡಿ. ಆ ಕಟ್ಟೆ ನಾನು ಒಡೆಸ್ತೇನೆ. ಅದನ್ನು ನೋಡ್ತಾ ನನಗೆ ಇರ್ಲಿಕ್ಕೆ ಆಗುದಿಲ್ಲ.' ಎಲ್ಲರೂ ನನ್ನ ಕಡೆ ನೋಡಿದರು, ಕಡೆಯ ಗಂಟು ಬಿಡಿಸುವವಳು ನಾನಲ್ಲವೇ? ನಾನು ಚಾಚಿಯ ಹತ್ತಿರ ಸರಿದು, ನೆಲಮಹಡಿ, ಶಬಾನಾಳ ಓಣಿ, ಮೊಣಕಾಲು, ಎಲ್ಲವನ್ನೂ ಮೆಲ್ಲಗೆ ಹೇಳತೊಡಗಿದೆ. ನೀವು ಕಲಿಸಿದ ಸ್ವರದಲ್ಲೇ ಹೇಳಿದೆ. ಹೇಳುತ್ತಿದ್ದಾಗಲೇ ಅರಿವಾಯಿತು, ನಾನು ಮಾತಾಡಿ ಮಾತಾಡಿ ನಿಮ್ಮನ್ನೇ ಆ ಮನೆಯಿಂದ ಹೊರಗೆ ಕಳಿಸುತ್ತಿದ್ದೇನೆ ಎಂದು. ಚಾಚಿ ನನ್ನನ್ನು ಪೂರ್ತಿ ಹೇಳಲು ಬಿಡಲಿಲ್ಲ. 'ಒಡೀರಿ. ನಾ ಹ್ವಾದ ಮ್ಯಾಲ ಒಡೀರಿ' ಎಂದರು. ಎದ್ದು ಹೋಗಿ ಕಟ್ಟೆಯನ್ನು ಒರೆಸಿದರು, ಆ ದಿನ ಆಗಲೇ ಒರೆಸಿದ್ದರೂ. ನನಗೆ ಇಂಥ ಗೆಲುವು ಬೇಕಿರಲಿಲ್ಲ ಚಾಚಾ. ಕೆಳಗೆ ಹೋಗಿ ಸಾವಂತ್‌ಗೆ 'ಹೋ ಗಯಾ' ಅಂದೆ. ಅವನು ತಾನು ಹೇಳಿಕೊಟ್ಟ ಸುಳ್ಳೇ ನಡೆಯಿತೆಂದುಕೊಂಡು 'ಮೈನೇ ಬೋಲಾ ಥಾ ನಾ' ಎಂದು ಖುಷಿಯಿಂದ ವಡಾಪಾವ್ ಕೊಡಿಸಲು ಬಂದ. ನನ್ನಿಂದ ತಿನ್ನಲಾಗಲಿಲ್ಲ.

ಮರುದಿನ ರಿಜಿಸ್ಟ್ರೇಷನ್ ಆಫೀಸಿನಲ್ಲಿ ಚಾಚಿಯ ಹೆಬ್ಬೆರಳನ್ನು ಮಷಿನ್ ಹಿಡಿಯಲಿಲ್ಲ. ಒರೆಸಿ ಇಟ್ಟರೂ ಇಲ್ಲ, ಒತ್ತಿ ಇಟ್ಟರೂ ಇಲ್ಲ. ಪಾತ್ರೆ ತಿಕ್ಕಿ ಸವೆದ ಬೆರಳು. ಮಷಿನ್ ಮುಂದೆ ಕೂತಿದ್ದ ಗುಮಾಸ್ತರು ಬೆರಳನ್ನು ಕೆನ್ನೆಗೆ ಉಜ್ಜಿ ಮತ್ತೆ ಇಡಲು ಹೇಳಿದರು. ಜಲಜಕ್ಕ ತಮ್ಮ ಕೈಚೀಲದಿಂದ ಕೊಬ್ಬರಿ ಎಣ್ಣೆಯ ಪುಟ್ಟ ಶೀಶೆ ತೆಗೆದು ಚಾಚಿಯ ಹೆಬ್ಬೆರಳಿಗೆ ತಾವೇ ತಿಕ್ಕಿದರು. ಆಗ ಹಿಡಿಯಿತು. ಹೊರಗೆ ಬಂದ ಮೇಲೆ ಚಾಚಿ ಬೀಗದ ಕೈಯನ್ನು ಜಲಜಕ್ಕನಿಗೆ ಕೊಡದೆ ನನ್ನ ಕೈಗೆ ಕೊಟ್ಟರು, ನಾನು ಅವರಿಗೆ ಕೊಟ್ಟೆ. ನಿಮ್ಮ ಗೊಂಚಲಿನಿಂದ ಎಷ್ಟು ಜನರ ಬೀಗದ ಕೈ ಹೀಗೆ ಕೈಯಿಂದ ಕೈಗೆ ದಾಟಿರಲಿಲ್ಲ? ನಿಮ್ಮದು ಇಷ್ಟು ಭಾರವಿದ್ದೀತೆಂದು ನಾನು ಎಣಿಸಿರಲಿಲ್ಲ.

ಮೊನ್ನೆ ಬೇರೊಂದು ಕೆಲಸಕ್ಕೆ ಆ ಬಿಲ್ಡಿಂಗಿಗೆ ಹೋಗಿದ್ದೆ. ಗೇಟಿನಲ್ಲಿ ರೂಢಿಯಂತೆ ತಲೆಯೆತ್ತಿದೆ. ಕಲ್ಲು ಒಡೆದ ಚೂರುಗಳು ಇನ್ನೂ ಗೋಣಿಚೀಲದಲ್ಲಿ ತುಂಬಿ ಕಂಪೌಂಡಿನ ಮೂಲೆಯಲ್ಲಿದ್ದವು. ಕಿಟಕಿಯಲ್ಲಿ ಜಲಜಕ್ಕ. ಕಟ್ಟೆ ಒಡೆಸಿದ ಜಾಗದಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಾರೆ! ನನ್ನನ್ನು ಕಂಡು ಕೈಯೆತ್ತಿದರು. ಮೇಲೆ ಹೋದಾಗ ಕೇಳದಿದ್ದರೂ ಅವರೇ ಹೇಳಿದರು: 'ಇಡೀ ಮನೆಯಲ್ಲಿ ಗಾಳಿ ಬರುದು ಇಲ್ಲಿ ಒಂದೇ ಕಡೆ ಮಾರಾಯ್ತಿ, ಎಂತ ಮಾಡುದು?' ಈಗ ನಿದ್ದೆ ಬರುತ್ತದೆಯಂತೆ. ಬಾತ್‌ರೂಮಿನ ನೀರು ಈಗಲೂ ಬಾಗಿಲಿಗೇ ಬರುತ್ತದೆಯಂತೆ.

ಅಲ್ಲಿಂದ ನೇರ ಜೋಗೇಶ್ವರಿಗೆ ಹೋದೆ. ಚಾಚಿಯ ಹೊಸ ಮನೆಗೆ ಒಂದೇ ಮೆಟ್ಟಿಲು. ಈಗ ತಾವೇ ಹೋಗಿ ತರಕಾರಿ ತರುತ್ತಾರೆ, ಶಬಾನಾ ದಿನಕ್ಕೆ ಎರಡು ಸಲ ಬಂದು ಹೋಗುತ್ತಾಳೆ. ನೀವು ಕೇಳಿದರೆ ಸಮಾಧಾನಪಡಬೇಕಾದ ಸುದ್ದಿ, ಅಲ್ಲವೇ? 'ಒಡದ್ರೇನು?' ಎಂದು ಕೇಳಿದರು. 'ಒಡದ್ರು ಚಾಚಿ' ಎಂದೆ, ಕುರ್ಚಿಯ ಮಾತನ್ನೂ ಹೇಳಿದೆ. ಚಾಚಿ ನಕ್ಕರು. 'ಗಾಳಿ ಅಲ್ಲೇ ಬರತೈತಿ. ಆಕಿ ಮತ್ತೆಲ್ಲಿ ಕುಂದರತಾಳ?' ಚಹಾ ಇಟ್ಟರು. ಅವರ ನಗು ಕಂಡು ನನಗೂ ಸ್ವಲ್ಪ ಧೈರ್ಯ ಬಂದು, 'ಹಂಗಾದ್ರ ಚಾಚಿ, ಈ ಮನೀ ಐಬು ಹೇಳ್ರಿ ನೋಡೂಣು' ಎಂದು ಚೇಷ್ಟೆ ಮಾಡಿದೆ. ಹಿಂದಿನ ವರ್ಕ್‌ಶಾಪಿನ ಸದ್ದು ಅಂದರು. ಕಿಟಕಿ ತೆರೆದರೆ ಕಬ್ಬಿಣದ ಪುಡಿ ಅಂದರು. ಆಮೇಲೆ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟರು.

'ಇನ್ನೊಂದೈತಿ' ಎಂದರು. 'ಇಲ್ಲಿ ಅವರು ಸತ್ತಿಲ್ಲ ನೋಡು.'

ಈ ಐಬನ್ನು ನಮಗೆ ಯಾರೂ ಹೇಳಿರಲಿಲ್ಲ, ಚಾಚಾ.

ನಿಮ್ಮ
ಸುನಂದಾ